ಬಲಗೆನ್ನೆಯ ಬೆಳಕು

ವೇದಾವತಿ ಟೀಚರನ್ನು ನಾನು ಮೊದಲು ನೋಡಿದ್ದು ಮಸ್ಕತ್ತಿನ ವಾದಿ ಅದಾಯ್‌ನ ನಮ್ಮ ಕಟ್ಟಡದ ತಾರಸಿಯಲ್ಲಿ, ಬಟ್ಟೆ ಒಣಗಿಸುವಾಗ. ಬಂಟ್ವಾಳದ ಕಡೆಯಿಂದ ಮಗಳ ಮನೆಗೆಂದು ಬಂದು ನನಗೆ ವಾರವಷ್ಟೆ ಆಗಿತ್ತು. ಅಳಿಯನ ಲುಂಗಿಯನ್ನು ಹಗ್ಗಕ್ಕೆ ಹಾಕಿ ತಿರುಗಿದರೆ, ನೀರಿನ ಟ್ಯಾಂಕಿಯ ನೆರಳಿನಲ್ಲಿ ಒಬ್ಬ ಹೆಂಗಸು ಒಂದು ಕಣ್ಣು ಮುಚ್ಚಿಕೊಂಡು, ಕೈ ನೀಡಿ, ಪೆನ್ಸಿಲನ್ನು ನನ್ನ ಕಡೆಗೆ ಹಿಡಿದು ನಿಂತಿದ್ದರು.

"ಎಂತ ಇದು? ನನ್ನನ್ನು ಎಂತಕ್ಕೆ ಅಳೆಯುದು ನೀವು?" ಎಂದೆ.

"ಅಯ್ಯೋ, ಕನ್ನಡದವ್ರಾ! ಒಂದ್ನಿಮಿಷ ಅಲ್ಲೇ ಇರ್ರೀ. ಬೆಳಕು ಹೋಗ್ಬಿಡತ್ತೆ."

"ಬೆಳಕು ಎಲ್ಲಿಗೆ ಹೋಗುದು ಮಾರಾಯ್ರೆ? ಮಸ್ಕತ್ತಿನಲ್ಲಿ ಬಿಸಿಲಿಗೆ ಬರ ಉಂಟಾ?"

ಅವರು ನಕ್ಕುಬಿಟ್ಟರು. ನನ್ನ ಮುಖ ಬರೆಯಬೇಡಿ, ನಮ್ಮಲ್ಲಿ ಅದು ಆಗುವುದಿಲ್ಲ ಎಂದೆ. ಹತ್ತಿರ ಬಂದು ಪುಸ್ತಕ ತೋರಿಸಿದರು. ಮುಖ ಇರಲಿಲ್ಲ. ನನ್ನ ತಲೆಯ ಮೇಲಿನ ಬಟ್ಟೆಯ ಮಡಿಕೆಗಳು ಮಾತ್ರ ಇದ್ದವು. ಒಂದು ಬದಿ ಬಿಳಿ, ಒಂದು ಬದಿ ಕಪ್ಪು.

"ಬೆಳಕು ಯಾವ ಕಡೆಯಿಂದ ಬರ್ತಿದೆ ಹೇಳಿ ನೋಡೋಣ?"

ನಾನು ಗುಡ್ಡದ ಕಡೆಗೆ ಕೈ ತೋರಿಸಿದೆ.

"ಶಹಭಾಸ್. ನಮ್ಮ ಸ್ಕೂಲಿನ ಮಕ್ಕಳಿಗೆ ಇದನ್ನ ಕಲಿಸೋಕೆ ನನಗೆ ಒಂದು ವರ್ಷ ಹಿಡಿಯತ್ತೆ."

ಅವರದ್ದು ನಮ್ಮ ಎದುರಿನ ಬಾಗಿಲು. ಮೈಸೂರಿನವರು, ಇಲ್ಲಿನ ಭಾರತೀಯ ಶಾಲೆಯಲ್ಲಿ ಚಿತ್ರ ಕಲಿಸುವ ಟೀಚರು. ಗಂಡ ಗೋಪಾಲಕೃಷ್ಣ ಸಾರ್ ನೀರಿನ ಕಂಪನಿಯೊಂದರಲ್ಲಿ ಪಂಪುಗಳ ಇಂಜಿನಿಯರು. ಮಕ್ಕಳಿರಲಿಲ್ಲ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಟೀಚರ್ ನನ್ನ ಹತ್ತಿರ ಅವರ ಗೋಡೆಗಳ ಕತೆಯನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನಾನು ಬೆಳ್ಳುಳ್ಳಿ ಸುಲಿಯುತ್ತಾ ಕೇಳುತ್ತಿದ್ದೆ.

ಗೋಡೆ ಎಂದರೆ ಇಟಲಿ ದೇಶದ ಗೋಡೆ. ಆರುನೂರು ವರ್ಷದ ಹಿಂದೆ ಅಲ್ಲಿಯ ಚರ್ಚುಗಳಲ್ಲಿ ಗೋಡೆಗೆ ಹಸಿ ಗಾರೆ ಬಳಿದು, ಅದು ಆರುವ ಮೊದಲೇ ಚಿತ್ರ ಬರೆದು ಮುಗಿಸುತ್ತಿದ್ದರಂತೆ. ಒಂದು ದಿನದಲ್ಲಿ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಜಾಗಕ್ಕೆ ಗಾರೆ. ಮಾರನೆಯ ದಿನ ಅದರ ಪಕ್ಕಕ್ಕೆ ಬೇರೆ ಗಾರೆ. ಹತ್ತಿರ ಹೋಗಿ ನೋಡಿದರೆ ಈಗಲೂ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ನಡುವೆ ಕೂದಲೆಳೆಯಂಥ ಗೆರೆ ಕಾಣುತ್ತದಂತೆ.

"ಹಿಟ್ಟು ಆರಿದರೆ ರೊಟ್ಟಿ ಬಿರಿಯುದಿಲ್ವಾ, ಹಾಗೆಯಾ?" ಎಂದು ಕೇಳಿದೆ.

"ಹಾಗೇ ಕಣ್ರೀ! ಆದ್ರೆ ನಾನು ಅದನ್ನ ಪುಸ್ತಕದಲ್ಲಿ ಮಾತ್ರ ನೋಡಿರೋದು. ಇಪ್ಪತ್ತು ವರ್ಷದಿಂದ ನೋಡದೇ ಇರೋದನ್ನ ಪಾಠ ಮಾಡ್ತಿದ್ದೀನಿ, ಅಮೀನಮ್ಮ. ಊಟ ಮಾಡದೆ ರುಚಿ ಹೇಳೋ ಹಾಗೆ. ಮಕ್ಕಳು ಕೇಳೋದು ಒಂದೇ, 'ಮಿಸ್, ವಿಲ್ ದಿಸ್ ಕಮ್ ಇನ್ ದಿ ಎಕ್ಸಾಮ್?'"

ಸಾರ್ ಪೇಪರಿನ ಹಿಂದಿನಿಂದ ಹೇಳುತ್ತಿದ್ದರು, "ನನ್ನನ್ನ ಕೇಳಬೇಡಿ ಅಮೀನಮ್ಮ. ಗೋಡೆ ಕಂಡ್ರೆ ನಾನು ಒಂದೇ ನೋಡೋದು, ಸೋರತ್ತಾ ಇಲ್ವಾ."

ಅವರು ಕೂರುತ್ತಿದ್ದ ಕುರ್ಚಿ ಹಾಲಿನ ಗೋಡೆಗೆ ಒತ್ತಿಕೊಂಡಿತ್ತು. ಕಿಟಕಿ ಅವರ ಬಲಕ್ಕೆ. ಬೆಳಿಗ್ಗೆ ಗುಡ್ಡದ ಮೇಲಿನಿಂದ ಬಿಸಿಲು ಬಂದರೆ ನೇರ ಬಲಗೆನ್ನೆಗೆ ಬೀಳುತ್ತಿತ್ತು. ಶುಕ್ರವಾರ ರಜೆಯ ದಿನ ಟೀಚರ್ ಅವರನ್ನು ಅಲ್ಲೇ ಕೂರಿಸಿ ಚಿತ್ರ ಬರೆಯುತ್ತಿದ್ದರು. ಎಲ್ಲ ಚಿತ್ರದಲ್ಲೂ ಬಲಗೆನ್ನೆ ಬೆಳ್ಳಗೆ, ಎಡಗೆನ್ನೆ ಕಪ್ಪಗೆ. ಕುರ್ಚಿಯ ಹಿಂದೆ ಯಾವಾಗಲೂ ಮುಚ್ಚಿಯೇ ಇರುತ್ತಿದ್ದ ಬಾಗಿಲಿಗೆ ಇಟ್ಟಿಗೆ ಬಣ್ಣದ, ಬಿಳಿ ಬಳ್ಳಿಯ ಪರದೆ. ನನ್ನ ಅಳಿಯ ಬಾದುಶಾನಿಗೆ ರೂವಿಯಲ್ಲಿ ಪರದೆ ಹೊಲಿಯುವ ಅಂಗಡಿ. ಆ ಬಟ್ಟೆಯನ್ನು ಅವನೇ ತಂದು ಹೊಲಿದದ್ದು, ಅಂಚು ಮಡಿಸಿದ್ದು ನಾನು. ಉಳಿದ ತುಂಡನ್ನು ಬಿಸಾಡಲು ಮನಸ್ಸಾಗದೆ ಮಡಿಸಿ ಇಟ್ಟಿದ್ದೆ.

ಒಂದು ಶುಕ್ರವಾರ ಅವರಿಬ್ಬರೂ ನನ್ನನ್ನು ರುಸ್ತಾಕ್‌ಗೆ ಕರೆದುಕೊಂಡು ಹೋದರು. ಟೀಚರಿಗೆ ಅಲ್ಲಿಯ ಕೋಟೆಯ ಕಮಾನುಗಳನ್ನು ನೋಡಬೇಕಿತ್ತು. ನನಗೆ ಬೇರೆ ಕೆಲಸವಿತ್ತು. ನನ್ನ ಗಂಡ ಅಲ್ಲಿಯ ಮಾರ್ಕೆಟಿನಲ್ಲಿ ದರ್ಜಿಯಾಗಿದ್ದವರು, ಅಲ್ಲಿಯೇ ತೀರಿಕೊಂಡವರು. ಮಗಳು ನುಸ್ರತ್ ಆಗ ತೊಟ್ಟಿಲ ಕೂಸು. ಖಬರಸ್ತಾನಕ್ಕೆ ಹೋದರೆ ಸಾಲಾಗಿ ನೆಟ್ಟ ಕಾಡುಕಲ್ಲುಗಳು, ಯಾವುದರಲ್ಲಿಯೂ ಹೆಸರಿಲ್ಲ. ಇಲ್ಲಿಯ ಪದ್ಧತಿ ಹಾಗೆ. ಸಾರ್ ಯಾರನ್ನೋ ಕೇಳಿ ಬಂದರು, ಗೊತ್ತಾಗಲಿಲ್ಲ. ಹೊರಗೆ ನಿಂತು ಎಲ್ಲ ಕಲ್ಲುಗಳಿಗೂ ಸೇರಿ ದುವಾ ಮಾಡಿ ಬಂದೆ.

ಬರುವಾಗ ಕಾರಿನಲ್ಲಿ ಟೀಚರ್ ಕೇಳಿದರು, "ನಿಮಗೆ ವಿಷಯ ಹೇಗೆ ತಿಳೀತು?"

"ಪಕ್ಕದ ಅಂಗಡಿಗೆ ಫೋನು ಬಂತು. 'ಅವರಿಗೆ ಸ್ವಲ್ಪ ಜ್ವರ, ಗಾಬರಿ ಬೇಡ' ಅಂತ. ನಾನು ಗಂಜಿ ಕುಡೀಲಿಕ್ಕೆ ಹೇಳಿ ಅಂದೆ. ಅಷ್ಟರಲ್ಲಿ ಇಲ್ಲಿ ಮಣ್ಣು ಮಾಡಿ ಆಗಿತ್ತು." ಮತ್ತೆ ಹೇಳಿದೆ, "ನಮ್ಮಲ್ಲಿ ಹಾಗೆ ಟೀಚರ್. ಗಲ್ಫಿನಿಂದ ಊರಿಗೂ ಹೇಳುದಿಲ್ಲ, ಊರಿನಿಂದ ಗಲ್ಫಿಗೂ ಹೇಳುದಿಲ್ಲ. ದೂರ ಇರುವವರ ಎದೆ ಒಡೀಬಾರದು ಅಂತ. ಸ್ವಲ್ಪ ಜ್ವರ ಅಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಆಯಿತು, ಖಲಾಸ್ ಅಂತ. ನನಗೆ ಮಾತ್ರ ಆಗ ಗೊತ್ತಿರಲಿಲ್ಲ."

"ಕಣ್ಣಾರೆ ನೋಡದೆ ಹೇಗೆ ನಂಬಿದ್ರಿ ಅಮೀನಮ್ಮ?" ಎಂದರು ಟೀಚರ್.

"ಈಗಲೂ ಪೂರ್ತಿ ನಂಬಿಲ್ಲ."

ಆಮೇಲೆ ಆ ಮನೆಯಲ್ಲಿ ಯಾರಿಗೆ ಮೈ ಬಿಸಿಯಾದರೂ ಟೀಚರ್ ಜ್ವರ ಎನ್ನಲು ಬಿಡುತ್ತಿರಲಿಲ್ಲ. "ನೆಗಡಿ ಅನ್ರೀ, ಸಾಕು" ಎನ್ನುತ್ತಿದ್ದರು.

ಮರುವರ್ಷ ಟೀಚರಿಗೆ ಫ್ಲಾರೆನ್ಸ್ ಎಂಬ ಊರಿನಲ್ಲಿ ಮೂರು ತಿಂಗಳು ಕಲಿಯಲು ಸೀಟು ಸಿಕ್ಕಿತು. ಚಿತ್ರ ಕಲಿಸುವವರಿಗೆಂದೇ ಇದ್ದ ಕೋರ್ಸು. ಪುಸ್ತಕ ಮುಚ್ಚಿಟ್ಟು ಗೋಡೆಯ ಎದುರಿಗೇ ನಿಂತು ಕಲಿಯುವುದು. ರಿಟೈರ್ ಆಗಲು ಸ್ವಲ್ಪವೇ ಕಾಲವಿತ್ತು, ಶಾಲೆಯವರೂ ರಜೆ ಕೊಟ್ಟರು. ಆದರೂ ಟೀಚರ್ ಹೋಗಲೋ ಬೇಡವೋ ಎಂದು ದಿನ ದೂಡುತ್ತಿದ್ದರು.

"ಇವರಿಗೆ ಒಂದು ಅನ್ನ ಇಡೋಕೆ ಬರಲ್ಲ ಅಮೀನಮ್ಮ."

"ನನ್ನ ಪಂಪು ನಾನು ನೋಡ್ಕೋತೀನಿ. ನೀನು ನಿನ್ನ ಗೋಡೆ ನೋಡ್ಕೊಂಡು ಬಾ," ಎಂದರು ಸಾರ್. "ಒಂದೇ ಒಂದು ಕೆಲಸ ನನ್ನದು. ಆ ಊರಲ್ಲಿ ದೊಡ್ಡ ಗುಮ್ಮಟ ಇದೆಯಲ್ಲ, ಕೆಳಗಿನಿಂದ ಊರುಗೋಲು ಕೊಡದೆ ಕಟ್ಟಿದ್ದು ಅಂತ ನೀನೇ ಹೇಳ್ತೀಯಲ್ಲ, ಅದನ್ನ ಹತ್ತು. ಇಟ್ಟಿಗೆ ಹೇಗೆ ಜೋಡಿಸಿದಾರೆ, ಬೀಳದೆ ಹೇಗೆ ನಿಂತಿದೆ, ನೋಡ್ಕೊಂಡು ಬಂದು ನನಗೆ ಹೇಳು. ಫೋನಲ್ಲಿ ಬೇಡ. ಎದುರಿಗೆ ಕೂತು ಹೇಳ್ಬೇಕು."

"ಹಾಗಾದ್ರೆ ಅದನ್ನ ಕೊನೇ ವಾರಕ್ಕೆ ಇಟ್ಕೋತೀನಿ. ಬಿಸಿಬಿಸಿಯಾಗಿ ತರ್ತೀನಿ."

ಸೆಪ್ಟೆಂಬರಿನಲ್ಲಿ ಹೋದರು. ದಿನವೂ ಬೆಳಿಗ್ಗೆ ಸಾರ್ ಕುರ್ಚಿಯಲ್ಲಿ ಚಹಾ ಹಿಡಿದು ಕೂರುವುದು, ನಾನು ಅವರ ಫೋನಿನಲ್ಲಿ ಒಂದು ಫೋಟೊ ತೆಗೆಯುವುದು. ಅದು ಅಲ್ಲಿಗೆ ಹೋದರೆ ಅಲ್ಲಿಂದ ಟೀಚರ ದನಿ ರೆಕಾರ್ಡಾಗಿ ಬರುತ್ತಿತ್ತು. ಅಂಥ ಸಂತೋಷದ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಸಾರಿನ ಕಣ್ಣು ಹಳದಿಯಾಯಿತು. ನಾನು ಕಾಮಾಲೆ ಎಂದುಕೊಂಡೆ. ಬಾದುಶಾ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಟ್ಟೆಯ ಒಳಗೆ, ಕತ್ತರಿ ಹಾಕಲು ಆಗದ ಜಾಗದಲ್ಲಿ ಗಡ್ಡೆ. ಅಲ್ಲೇ ಮಲಗಿಸಿಕೊಂಡರು.

"ಟೀಚರಿಗೆ ಫೋನು ಮಾಡಿ ಸಾರ್," ಎಂದೆ.

"ಮಾಡಲ್ಲ. ವರ್ಷದ ಕೊನೆವರೆಗೂ ಏನೂ ತೊಂದರೆ ಇಲ್ಲ ಅಂದಿದ್ದಾರೆ ಡಾಕ್ಟರು. ಅವಳು ಡಿಸೆಂಬರ್ ಶುರುವಲ್ಲೇ ಬರ್ತಾಳೆ. ಇಡೀ ಜನ್ಮ ಕಾದಿದ್ದಾಳೆ ಅಮೀನಮ್ಮ, ಮೂರು ತಿಂಗಳು ನೋಡ್ಲಿ. ಬಂದ ಮೇಲೆ ಅಳೋಕೆ ಬೇಕಾದಷ್ಟು ಟೈಮಿರತ್ತೆ."

"ನನಗೆ ಹೇಳದೆ ಇಟ್ಟದ್ದು ಇವತ್ತಿಗೂ ನೋಯ್ತದೆ ಸಾರ್."

"ನಿಮ್ಮವರದ್ದು ಆಗಿ ಹೋಗಿತ್ತು. ನಾನು ಇದ್ದೀನಲ್ಲ ಇನ್ನೂ." ಆಮೇಲೆ ಬೆರಳೆತ್ತಿ ಹೇಳಿದರು, "ಇನ್ನೊಂದು. ಅಪ್ಪಿತಪ್ಪಿಯೂ ಸ್ವಲ್ಪ ಜ್ವರ ಅಂತ ಹೇಳಿಬಿಡಬೇಡಿ. ಆ ಮಾತಿನ ಅರ್ಥ ಅವಳಿಗೆ ಗೊತ್ತು."

ಬೆಳಗಿನ ಫೋಟೊ ನಿಂತರೆ ಟೀಚರಿಗೆ ಅನುಮಾನ ಬರುತ್ತದೆ. ಅದಕ್ಕೆ ಉಪಾಯ ಹುಡುಕಿದ್ದು ಬಾದುಶಾ. ನಾನು ಮಡಿಸಿಟ್ಟಿದ್ದ ಪರದೆಯ ತುಂಡನ್ನು ತಂದು ಮಂಚದ ಹಿಂದಿನ ಗೋಡೆಗೆ ಸಿಕ್ಕಿಸಿದ. ಇಟ್ಟಿಗೆ ಬಣ್ಣ, ಬಿಳಿ ಬಳ್ಳಿ, ಮನೆಯದ್ದೇ. ಸಾರಿಗೆ ಮನೆಯ ಅಂಗಿ ಹಾಕಿ, ದಿಂಬು ಕೊಟ್ಟು ಕೂರಿಸಿ, ಕೈಗೆ ಚಹಾದ ಲೋಟ ಕೊಟ್ಟೆವು. ಮುಖದ ಹಳದಿಗೆ ಮದ್ದು ಹೇಳಿದ್ದು ಸಾರ್. "ಬಿಸಿಲು ಬರಲಿ, ಆಗ ತೆಗೀರಿ. ಬೆಳಗಿನ ಬಿಸಿಲಲ್ಲಿ ಎಲ್ಲರೂ ಹಳದಿಯೇ." ಹಾಗೆ ಕಿಟಕಿಯ ಬಿಸಿಲು ಮುಖಕ್ಕೆ ಬರುವುದನ್ನು ಕಾದು ಫೋಟೊ ತೆಗೆದೆ. ಚೆನ್ನಾಗಿಯೇ ಬಂತು.

ಬಾದುಶಾ ಅಂಗಡಿಗೆ ಹೋಗುವಾಗ ನನ್ನನ್ನು ಆಸ್ಪತ್ರೆಯಲ್ಲಿ ಬಿಟ್ಟು, ಬರುವಾಗ ಕರೆದುಕೊಂಡು ಬರುತ್ತಿದ್ದ. ಈ ವಯಸ್ಸಿನ ಹೆಂಗಸಿಗೆ ಯಾರೂ ಏನೂ ಹೇಳುವುದಿಲ್ಲ. ಮಂಚದ ಪಕ್ಕದ ಕುರ್ಚಿಯಲ್ಲಿ ಕಿಟಕಿಗೆ ಬೆನ್ನು ಹಾಕಿ, ಸಾರಿನ ಮುಖಕ್ಕೆ ಮುಖ ಕೊಟ್ಟು ಕೂರುತ್ತಿದ್ದೆ. ಉಸಿರು ನೋಡಬೇಕು, ಡ್ರಿಪ್ಪಿನ ಬಾಟಲಿ ನೋಡಬೇಕು, ತುಟಿ ಒಣಗಿದರೆ ಒದ್ದೆ ಹತ್ತಿ ಇಡಬೇಕು.

ಟೀಚರ ದನಿ ಬಂದರೆ ಇಬ್ಬರೂ ಕೇಳುತ್ತಿದ್ದೆವು. ಒಂದು ದಿನ ನದಿಯ ಆಚೆ ದಡದ ಒಂದು ಚರ್ಚಿನ ಕತೆ ಹೇಳಿದರು. ಅಲ್ಲಿ ಚಿತ್ರ ಬರೆದವನು ಮೀಸೆ ಬಲಿಯುವ ವಯಸ್ಸಿಗೇ ತೀರಿಕೊಂಡವನಂತೆ. "ಕೇಳ್ರೀ, ಆ ಸಣ್ಣ ಕೋಣೆಗೆ ನಿಜವಾದ ಕಿಟಕಿ ಒಂದಿದೆ. ಅವನು ಏನು ಮಾಡಿದಾನೆ ಗೊತ್ತಾ? ಚಿತ್ರದೊಳಗಿನ ಬೆಳಕನ್ನೂ ಅದೇ ಕಿಟಕಿಯಿಂದ ತಂದಿದಾನೆ! ಕಿಟಕಿ ಯಾವ ಕಡೆಗಿದೆಯೋ ಚಿತ್ರದಲ್ಲಿರೋರ ಆ ಕಡೆಯ ಕೆನ್ನೆಗೇ ಬೆಳಕು. ನಿಜವಾದ ಬಿಸಿಲೇ ಅವರ ಮೇಲೆ ಬಿದ್ದ ಹಾಗಿದೆ. ಇದನ್ನ ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ನಿಂತಾಗಲೇ ಗೊತ್ತಾಗಿದ್ದು. ಪುಸ್ತಕಕ್ಕೆ ಕಿಟಕಿ ಇರಲ್ಲ ನೋಡಿ."

ಆಮೇಲೆ ಅದೇ ಕೋಣೆಯ ಇನ್ನೊಂದು ಚಿತ್ರ. ಒಬ್ಬ ಸಂತ ಬೀದಿಯಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದಾನೆ, ಗೋಡೆಯ ಬದಿಗೆ ರೋಗಿಗಳು ಬಿದ್ದಿದ್ದಾರೆ. ಅವನು ಅವರ ಕಡೆ ತಿರುಗಿಯೂ ನೋಡುವುದಿಲ್ಲ. ಅವನ ನೆರಳು ಬಿದ್ದವರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದಾರೆ.

ಸಾರ್ ಫೋನು ಎದೆಯ ಮೇಲಿಟ್ಟುಕೊಂಡು ನಕ್ಕರು. "ಆ ನೆರಳನ್ನ ಸ್ವಲ್ಪ ಪಾರ್ಸೆಲ್ ಮಾಡು ಅನ್ನಬೇಕಿತ್ತು," ಎಂದರು. ಮತ್ತೆ ಹೊದಿಕೆಯ ಮೇಲೆ ಬಿದ್ದಿದ್ದ ನನ್ನ ನೆರಳನ್ನು ನೋಡಿ, "ಬೇಡ ಬಿಡಿ. ನಿಮ್ಮದು ಬಿದ್ದಿದೆಯಲ್ಲ, ನಾಳೆ ಎದ್ದುಬಿಡ್ತೀನಿ," ಎಂದರು.

ಎದ್ದಿದ್ದರೆ ಎಂದು ನಾನು ಈಗಲೂ ನೆನೆಸುತ್ತೇನೆ. ಆಮೇಲಿನ ದಿನಗಳಲ್ಲಿ ಅವರು ಮಾತು ಕಡಿಮೆ ಮಾಡಿದರು. ನನ್ನ ಹೆಗಲಿನ ಮೇಲಿನಿಂದ ಕಿಟಕಿಯ ಕಡೆಗೆ ನೋಡುತ್ತಾ ಇರುತ್ತಿದ್ದರು. ಡಾಕ್ಟರು ಹೇಳಿದ ಲೆಕ್ಕ ತಪ್ಪುತ್ತಿದೆ ಎಂದು ಅವರಿಗೂ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ಆದರೂ ಬೆಳಿಗ್ಗೆ ಅಂಗಿ ಹಾಕಿಸಿಕೊಂಡು, ಲೋಟ ಹಿಡಿದು ಕೂರುವುದನ್ನು ಬಿಡಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಫೋಟೊ ಹೋದ ಸ್ವಲ್ಪ ಹೊತ್ತಿಗೆ ಟೀಚರ ದನಿ ಬಂತು. ಸಾರಿನ ಫೋನಿಗೆ ಅಲ್ಲ, ನನ್ನ ಫೋನಿಗೆ. ನಾನು ಹೊರಗೆ ವರಾಂಡಕ್ಕೆ ಹೋಗಿ ಕೇಳಿದೆ.

"ಅಮೀನಮ್ಮ, ಪರದೆ ನಮ್ಮದೇ. ಬೆಳಕು ನಮ್ಮದಲ್ಲ. ಎಲ್ಲ ಫೋಟೊ ತೆಗೆದು ಸಾಲಾಗಿ ಇಟ್ಕೊಂಡು ನೋಡಿದೆ. ಒಂದು ದಿನದಿಂದ ಈಚೆಗೆ ಎಲ್ಲದರಲ್ಲೂ ಬೆಳಕು ಎಡಗೆನ್ನೆಗೆ ಬಿದ್ದಿದೆ. ನಮ್ಮ ಮನೇಲಿ ಆ ಕಡೆ ಕಿಟಕಿ ಇಲ್ಲ. ದಿನಾ ಬೇರೆಯವರ ಕೆನ್ನೆ ನೋಡಿ ಟಿಪ್ಪಣಿ ಬರ್ಕೋತಿದ್ದೆ, ಇವರದ್ದು ನೋಡ್ಲಿಲ್ಲ. ಎಲ್ಲಿದ್ದಾರೆ ಇವರು? ನನಗೆ ಜ್ವರ ಅಂತ ಮಾತ್ರ ಹೇಳ್ಬೇಡಿ."

ಟೀಚರ್ ಕೇಳಿದ ಮೇಲೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಫೋನಿನ ಗುಂಡಿ ಒತ್ತಿ ಹಿಡಿದು ಎಲ್ಲವನ್ನೂ ಹೇಳಿದೆ. ಗಡ್ಡೆ, ಆಸ್ಪತ್ರೆ, ಡಾಕ್ಟರು ಮೊದಲು ಹೇಳಿದ್ದು, ಈಗ ಹೇಳುತ್ತಿರುವುದು. "ಯಲ್ಲಾ, ಹೊರಟು ಬನ್ನಿ ಟೀಚರ್," ಎಂದೆ. ಅವರು ಆ ದಿನವೇ ಹೊರಟರು. ನೇರ ವಿಮಾನ ಇರಲಿಲ್ಲ. ಎರಡು ಕಡೆ ಇಳಿದು ಹತ್ತಬೇಕಿತ್ತು.

ಒಳಗೆ ಬಂದು ಸಾರಿಗೆ ಹೇಳಿದೆ, "ಟೀಚರಿಗೆ ಗೊತ್ತಾಯಿತು. ಹೊರಟಿದ್ದಾರೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಿಮ್ಮ ಕೆನ್ನೆ ನೋಡಿ ಕಂಡುಹಿಡಿದರು. ಬೆಳಕು ಎಡಕ್ಕೆ ಉಂಟಂತೆ."

"ಕಲಿತಿದ್ದಾಳೆ ಕಣ್ರೀ," ಎಂದರು. ದನಿಯಲ್ಲಿ ಹೆಮ್ಮೆ ಇತ್ತು. ಆಮೇಲೆ, "ಗಡ್ಡ ಕೆರೆಸಿ," ಎಂದರು. ಬಾದುಶಾ ರೂವಿಯಿಂದ ಕ್ಷೌರದವನನ್ನು ಕರೆತಂದ. ಕೆನ್ನೆ ಸವರಿಕೊಳ್ಳುತ್ತಾ ಕೇಳಿದರು, "ಗುಮ್ಮಟ ಹತ್ತಿದಳಾ?"

"ಬಂದ ಮೇಲೆ ನೀವೇ ಕೇಳಿ ಸಾರ್."

ಮಾರನೆಯ ಬೆಳಿಗ್ಗೆ, ಎಡಗೆನ್ನೆಗೆ ಬಿಸಿಲು ಬರುವ ಹೊತ್ತಿಗೆ, ಸಾರ್ ಹೋದರು. ಟೀಚರ್ ಆಗ ಆಕಾಶದಲ್ಲಿದ್ದರು. ಗೋಡೆಯ ಪರದೆಯನ್ನು ನಾನೇ ಬಿಚ್ಚಿದೆ.

ವಿಮಾನ ನಿಲ್ದಾಣಕ್ಕೆ ಬಾದುಶಾ ಮತ್ತು ನುಸ್ರತ್ ಹೋದರು. ನಾನು ಆಸ್ಪತ್ರೆಯಲ್ಲಿ ಉಳಿದೆ. ಅಲ್ಲಿ ನಡೆದದ್ದನ್ನು ನುಸ್ರತ್ ಹೇಳಿದಳು. ಟೀಚರ್ ಗಾಡಿ ತಳ್ಳಿಕೊಂಡು ಓಡಿ ಬಂದರಂತೆ. "ಹೇಗಿದ್ದಾರೆ ಬಾದುಶಾ?" ಎಂದು ಕೇಳಿದರಂತೆ. ಮನೆಗೆ ಕರೆದುಕೊಂಡು ಹೋಗಿ ಕೂರಿಸಿ ಹೇಳಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಬಾದುಶಾ ಬೇಕೆಂದು ಹೇಳಿದ್ದಲ್ಲ. ನಮ್ಮಲ್ಲಿ ಹುಟ್ಟಿನಿಂದ ಕೇಳಿ ಬಂದ ಮಾತು, ಬಾಯಿಗೆ ತಾನಾಗಿ ಬಂದುಬಿಟ್ಟಿತು.

"ಸಾರಿಗೆ ಸ್ವಲ್ಪ ಜ್ವರ, ಟೀಚರ್."

ಟೀಚರ್ ಅಳಲಿಲ್ಲವಂತೆ. ಗಾಡಿಯಲ್ಲಿದ್ದ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತರಂತೆ. "ಯಾವಾಗ ಹೋದ್ರು?" ಎಂದರಂತೆ.

ಕಾಗದಪತ್ರ ಮುಗಿಸಿ ಸಾರನ್ನು ಮೈಸೂರಿಗೆ ಕರೆದೊಯ್ದರು. ಕಾರ್ಯಗಳೆಲ್ಲ ಮುಗಿದ ಮೇಲೆ ಟೀಚರ್ ಒಬ್ಬರೇ ಮನೆ ಖಾಲಿ ಮಾಡಲು ಬಂದರು. ಶಾಲೆ ಬಿಟ್ಟಿದ್ದರು. ಫ್ಲಾರೆನ್ಸಿನಿಂದ ಉಳಿದ ವಾರಗಳಿಗೆ ಬನ್ನಿ ಎಂದು ಕರೆದಿದ್ದರಂತೆ, ಆಗುವುದಿಲ್ಲ ಎಂದು ಹೇಳಿದರಂತೆ.

ಹೊರಡುವ ದಿನ ಬೆಳಿಗ್ಗೆ ನಾನು ಹೋದಾಗ ಮನೆಯಲ್ಲಿ ಸಾಮಾನು ಇರಲಿಲ್ಲ. ಸಾರಿನ ಕುರ್ಚಿ ಮಾತ್ರ ಗೋಡೆಗೆ ಒತ್ತಿಕೊಂಡು ಇತ್ತು, ಅದನ್ನು ಕೊಂಡವರು ಇನ್ನೂ ಬಂದಿರಲಿಲ್ಲ. ಬಿಸಿಲು ಕುರ್ಚಿಯ ಬಲಗೈಯ ಮೇಲೆ ಬಿದ್ದಿತ್ತು. ಆಸ್ಪತ್ರೆಯಿಂದ ತಂದ ಪರದೆಯ ತುಂಡನ್ನು ಒಗೆದು ಇಸ್ತ್ರಿ ಹಾಕಿ ಕೊಟ್ಟೆ. ಅವರು ಅದನ್ನು ತೊಡೆಯ ಮೇಲೆ ಹಾಸಿಕೊಂಡು ನೆಲದಲ್ಲಿ ಕೂತರು. ನಾನೂ ಕೂತೆ.

"ಎಲ್ಲ ಹೇಳಿ ಅಮೀನಮ್ಮ. ಒಂದೂ ಬಿಡದೆ," ಎಂದರು.

ಹೇಳಿದೆ. ಗಂಜಿ ಎಷ್ಟು ಚಮಚ ಹೋಗುತ್ತಿತ್ತು, ಯಾವ ಅಂಗಿ, ಯಾವ ಮಗ್ಗುಲು. ನೆರಳನ್ನು ಪಾರ್ಸೆಲ್ ಮಾಡು ಎಂದದ್ದು. ಅದಕ್ಕೆ ನಕ್ಕರು, ಆಮೇಲೆ ಬಟ್ಟೆಯಿಂದ ಮುಖ ಮುಚ್ಚಿಕೊಂಡರು. ಕಲಿತಿದ್ದಾಳೆ ಎಂದದ್ದು. ಗಡ್ಡ ಕೆರೆಸಿಕೊಂಡದ್ದು. ಗುಮ್ಮಟ ಹತ್ತಿದಳಾ ಎಂದು ಕೇಳಿದ್ದು.

"ಹತ್ತಲಿಲ್ಲ," ಎಂದರು ಟೀಚರ್, ಕುರ್ಚಿಗೆ ಹೇಳುವ ಹಾಗೆ. "ದಿನಾ ಅದರ ಕೆಳಗೇ ಓಡಾಡ್ತಿದ್ದೆ. ಕೊನೇ ವಾರಕ್ಕೆ ಇಟ್ಕೊಂಡಿದ್ದೆ."

ಕೊನೆಗೆ ಏನು ಮಾಡುತ್ತಿದ್ದರು ಎಂದು ಕೇಳಿದರು. ಮಾತು ಕಡಿಮೆಯಾದ ಮೇಲೆ, ಕಿಟಕಿಗೆ ಬೆನ್ನು ಹಾಕಿ ಕೂತಿರುತ್ತಿದ್ದ ನನ್ನ ಹೆಗಲಿನ ಮೇಲಿನಿಂದ ಹೊರಗೆ ನೋಡುತ್ತಾ ಇರುತ್ತಿದ್ದರು, ಕೊನೆಯ ಬೆಳಿಗ್ಗೆಯೂ ಅಲ್ಲಿಯೇ ನೋಡುತ್ತಿದ್ದರು ಎಂದೆ.

ಟೀಚರ್ ಫೋನು ತೆಗೆದು ಆ ಕೊನೆಯ ಫೋಟೊ ಹಾಕಿದರು. ಎರಡು ಬೆರಳಿನಿಂದ ಮುಖವನ್ನು ದೊಡ್ಡದು ಮಾಡಿದರು, ಕಣ್ಣನ್ನು ಇನ್ನೂ ದೊಡ್ಡದು ಮಾಡಿದರು. ಕಣ್ಣಿನೊಳಗೆ ಬೆಳ್ಳಗೆ ಒಂದು ಸಣ್ಣ ಚೌಕವಿತ್ತು, ಅಷ್ಟೇ. ಅದನ್ನೇ ನೋಡುತ್ತಾ ಕೇಳಿದರು:

"ಆ ಕಿಟಕಿಯಿಂದ ಏನು ಕಾಣ್ತಿತ್ತು, ಅಮೀನಮ್ಮ?"